ಕೆಂಪು ದಾರದ ಗಾದಿ

ಮುಂಡರಗಿ, 12 ಮೇ 2025

ಮಗಳು ಕಾಂಚನಾಗೆ ಯಮನೂರಸಾಬ ಕಾಕಾನ ಆಶೀರ್ವಾದ.

ಹೋದ ತಿಂಗಳು ನೀನು ಬೆಂಗಳೂರಿನಿಂದ ಬಂದು, ಬೆಟಗೇರಿಯ ಚನ್ನಬಸವಣ್ಣನ ಹತ್ತಿ ಅಂಗಡಿಯಲ್ಲಿ ನನ್ನೆದುರು ಕುಳಿತು, "ಕಾಕಾ, ನಿಮ್ಮ ಕಿವಿ ನನಗ ಬೇಕಾಗ್ಯಾವ" ಅಂದಾಗ ನಾನು ನಕ್ಕಿದ್ದೆ. ಊರೂರು ತಿರುಗಿ ಗಾದಿ ಹೊಲಿಯುವ ಪಿಂಜಾರನ ಕಿವಿಯಲ್ಲಿ ಹತ್ತಿ ಬಿಟ್ಟರೆ ಮತ್ತೇನಿರುತ್ತದೆ? ನಿಮ್ಮಪ್ಪ ಸುಭಾಷ ಹವಾಲ್ದಾರ ಬದುಕಿದ್ದರೆ ಅವನೂ ನಗುತ್ತಿದ್ದ. ನನ್ನ ಖಾಸಾ ಗೆಳೆಯನ ಮಗಳು ಗುಪ್ತ ಪೊಲೀಸಿನಲ್ಲಿ ಸಾಹೇಬಳಾಗಿದ್ದಾಳೆ ಅಂತ ಊರಿಗೆಲ್ಲ ಹೇಳಬೇಕು ಅನ್ನಿಸಿತ್ತು. ಬಾಯಿ ಮುಚ್ಚಿಕೊಂಡಿದ್ದೇನೆ.

ಫೋನು ಬೇಡ, ಕಾಗದ ಬರೆಯಿರಿ ಅಂದೆಯಲ್ಲ, ಅದು ಒಳ್ಳೆಯದಾಯಿತು. ಶಿರಹಟ್ಟಿ ಕಡೆಯ ಕಲ್ಲಿನ ಕ್ವಾರಿಯ ಹಿಂದೆ ಒಂದು ತಗಡಿನ ಶೆಡ್ಡಿದೆ. ಅಲ್ಲಿಗೆ ಗಾದಿ ಹೊಲಿಯಲು ಕರೆದಿದ್ದರು. ಬಾಗಿಲಲ್ಲೇ ಮೊಬೈಲು ಕಸಿದುಕೊಂಡು, ಯಾರ್ಯಾರಿಗೆ ಕರೆ ಮಾಡಿದ್ದೇನೆ ಎಂದು ಒಂದೊಂದೇ ಹೆಸರು ಕೇಳಿದರು. ಒಳಗೆ ನಾಲ್ಕು ಜನ. ಒಬ್ಬ ಹೊರಗಿನವನು, ಮೂವತ್ತೈದರ ವಯಸ್ಸು, ಎಲ್ಲರೂ ಅವನಿಗೆ ಉಸ್ತಾದ ಅನ್ನುತ್ತಾರೆ. ಮೂವರು ನಮ್ಮ ಕಡೆಯ ಹುಡುಗರು. ಇಬ್ಬರ ಹೆಸರನ್ನು ಜೊತೆಗಿರುವ ಚೀಟಿಯಲ್ಲಿ ಬರೆದಿದ್ದೇನೆ. ಮೂರನೆಯವನು ಗೋಡೆ ಕಡೆ ಮುಖ ಮಾಡಿ ಮಲಗಿದ್ದ, ಕಾಣಲಿಲ್ಲ.

ಉಸ್ತಾದನ ಮಾತು ಬೆಣ್ಣೆಯ ಹಾಗೆ. ಆದರೆ ಕೇಳು. ಇಬ್ಬರಲ್ಲಿ ಸಣ್ಣವನು ದರ್ಗಾದಲ್ಲಿ ಫಾತೆಹಾ ಓದಿಸಿ ಹಂಚಿದ ಸಕ್ಕರೆ ತಿಂದಿದ್ದನಂತೆ. ಅದಕ್ಕೆ ಉಸ್ತಾದ ನನ್ನ ದಬ್ಬಣ ತೆಗೆದುಕೊಂಡ. ಹುಡುಗನ ಅಂಗೈ ಹಲಗೆಯ ಮೇಲಿಟ್ಟು, ನಗುತ್ತಲೇ, ಆಚೆಗೆ ಬರುವಷ್ಟು ಚುಚ್ಚಿದ. "ಗೋರಿಗಿ ಕೈ ಮುಗಿಯೋರು ಮುಸಲ್ಮಾನ್ರಲ್ಲ. ಮೊದಲು ನಮ್ಮ ಮನಿ ಕಸಾ ತಗೀಬೇಕು" ಅಂದ. ಹುಡುಗ ಅಳಲಿಲ್ಲ. ದಬ್ಬಣ ಒರೆಸಿ ನನಗೆ ವಾಪಸು ಕೊಟ್ಟರು. ನಲವತ್ತು ವರ್ಷ ಹಿಡಿದ ದಬ್ಬಣ, ಅವತ್ತು ಮನೆಗೆ ಬಂದು ಮೂರು ಸಲ ತೊಳೆದೆ.

ಅವರಿಗೆ ಬೇಕಾಗಿರುವುದು ಒಂದೇ ಗಾದಿ. ನಡುವೆ ಹತ್ತಿ ತುಂಬದೆ ಒಂದು ಗೇಣಿನಷ್ಟು ಪೊಳ್ಳು ಬಿಡಬೇಕಂತೆ. ಯಾಕೆ ಎಂದು ನಾನು ಕೇಳಲಿಲ್ಲ. ಮಾಡಲೋ ಬಿಡಲೋ ಹೇಳು. ಉತ್ತರ ಚನ್ನಬಸವಣ್ಣನ ಅಂಗಡಿಗೇ ಬರಲಿ. ಶನಿವಾರ ಶನಿವಾರ ಹತ್ತಿಗೆ ಹೋಗುತ್ತೇನೆ.

ಯಮನೂರಸಾಬ


ಬೆಂಗಳೂರು, 19 ಮೇ 2025

ಕಾಕಾ, ನಮಸ್ಕಾರ.

ಗಾದಿ ಹೊಲಿದುಕೊಡಿ. ಅವರು ಕೇಳಿದ ಹಾಗೆಯೇ ಪೊಳ್ಳು ಬಿಡಿ. ನೀವು ಒಲ್ಲೆ ಅಂದರೆ ಬೇರೆಯವರಿಂದ ಮಾಡಿಸುತ್ತಾರೆ, ಆಗ ನಮಗೆ ಅದು ಯಾವ ಗಾದಿ ಎಂದೇ ತಿಳಿಯುವುದಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಕೆಂಪು ದಾರದ ಮೂರು ಹೊಲಿಗೆ ಹಾಕಿ. ಆ ದಾರ ಕಂಡಲ್ಲಿ ನಮ್ಮವರು ಕೈ ಹಾಕುತ್ತಾರೆ. ರೈಲಿನಲ್ಲಿ ಸಾಗಿಸುತ್ತಾರೆ ಎಂದು ನನ್ನ ಅಂದಾಜು, ಗದಗ ಸ್ಟೇಶನ್ನಿನಲ್ಲಿ ಜನ ಇಟ್ಟಿದ್ದೇನೆ.

ಕ್ವಾರಿಯಿಂದ ಸಿಡಿಮದ್ದು ಕಾಣೆಯಾಗಿದೆ. ಇಬ್ಬರ ಹೆಸರು ಸಾಲದು ಕಾಕಾ, ಮೂರನೆಯವನು ಬೇಕು. ನೀವು ಮನುಷ್ಯರನ್ನು ಬೆನ್ನಿನಿಂದಲೇ ಗುರುತು ಹಿಡಿಯುವವರು ಎಂದು ಅಪ್ಪ ಹೇಳುತ್ತಿದ್ದರು. ಅಳತೆ ತೆಗೆದು ಗಾದಿ ಹೊಲಿಯುವವರಲ್ಲವೇ?

ನಿಮ್ಮ ಮಗಳು ಸಾಯಿಮಾಗೆ ಈಗ ಎಷ್ಟು ತಿಂಗಳು? ಅವಳನ್ನು ಕೇಳಿದೆನೆಂದು ಹೇಳುವ ಹಾಗಿಲ್ಲ. ಆದರೂ ಕೇಳುತ್ತಿದ್ದೇನೆ.

ಕಾಂಚನಾ


ಲಕ್ಷ್ಮೇಶ್ವರ, 2 ಜೂನ್ 2025

ಮಗಳು ಕಾಂಚನಾಗೆ,

ಗಾದಿ ಕೊಟ್ಟೆ. ಕೆಂಪು ದಾರ ಹಾಕಿದ್ದೇನೆ. ಸಾಯಿಮಾಗೆ ಆರು ತುಂಬಿತು.

ನಿನ್ನೆ ಒಂದು ಹೆಣ ತೊಳೆದೆ. ಕ್ವಾರಿಯ ಕಾವಲುಗಾರ ದಾವಲಸಾಬ, ನಮ್ಮೂರ ಮೋತಿಬಿಯ ಮಗ. ಕ್ವಾರಿಯ ನೀರಿನಲ್ಲಿ ತೇಲುತ್ತಿದ್ದ. ಕುಡಿದು ಬಿದ್ದ ಎಂದು ಠಾಣೆಯವರು ಕೊಯ್ಯಿಸಿ ನೋಡದೆಯೇ ಹೆಣ ಕೊಟ್ಟರು, ಪೇಪರಿನವರೂ ಹಾಗೇ ಬರೆದಿದ್ದಾರೆ. ಅವನು ಜನ್ಮದಲ್ಲಿ ಕುಡಿದವನಲ್ಲ. ಮಣ್ಣಿಗೆ ಕೊಡುವ ಮೊದಲು ಮೈ ತೊಳೆಯುವ ಮೂವರಲ್ಲಿ ನಾನೂ ಒಬ್ಬ. ತಲೆಗೆ ನೀರು ಹಾಕಲು ಗದ್ದ ಎತ್ತಿದರೆ ಕತ್ತು ಬಾಯಿ ತೆರೆಯಿತು. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಕೊಯ್ದಿದ್ದರು. ಬಲಗೈಯ ಬೆರಳು ನಾಲ್ಕೂ ಕಲ್ಲಿನಿಂದ ಜಜ್ಜಿದ್ದರು, ಉಗುರು ಇರಲಿಲ್ಲ. ಮದ್ದು ಕಳವಾದದ್ದನ್ನು ಯಾರಿಗೆ ಹೇಳಿದ್ದಾನೆಂದು ಕೇಳಿರಬೇಕು. ಹೇಳಲು ಅವನಿಗೆ ಏನೂ ಗೊತ್ತಿರಲಿಲ್ಲ. ಶೆಡ್ಡಿನ ಸುದ್ದಿ ಹೇಳಿದವನು ಅವನ ಮೈ ತೊಳೆಯುತ್ತಿದ್ದ.

ಕತ್ತಿಗೆ ಹತ್ತಿ ತುಂಬಿ, ಬಿಳಿ ಬಟ್ಟೆ ಎರಡು ಸುತ್ತು ಹೆಚ್ಚು ಸುತ್ತಿದೆ. ಮೋತಿಬಿ ಬಂದು ಮಗನ ಮುಖ ಮುಟ್ಟಿ, "ನಿದ್ದಿ ಬಂದಂಗ ಐತಿ, ಅಲ್ಲೇನು ಸಾಬಣ್ಣಾ" ಅಂದಳು. ಹೌದು ಅಂದೆ.

ಮೂರನೆಯವನನ್ನು ಕೇಳಿದ್ದೀಯ. ಅವನು ಕಾಲು ಎಳೆದು ನಡೆಯುತ್ತಾನೆ. ಕುಂಟ. ಲಕ್ಷ್ಮೇಶ್ವರದ ಕಡೆಯವನಿರಬೇಕು. ಇಷ್ಟೇ ನನಗೆ ಗೊತ್ತು.

ಯಮನೂರಸಾಬ


ಬೆಂಗಳೂರು, 9 ಜೂನ್ 2025

ಕಾಕಾ,

ದಾವಲಸಾಬನ ಸಾವು ನಿಮ್ಮಿಂದ ಆದದ್ದಲ್ಲ, ಅವನನ್ನು ಕೊಂದವರಿಂದ ಆದದ್ದು. ಇದನ್ನು ನನ್ನ ಕೆಲಸದಲ್ಲಿ ನಾನು ನೂರು ಸಲ ಹೇಳಿಕೊಂಡಿದ್ದೇನೆ. ನೀವೂ ಹೇಳಿಕೊಳ್ಳಿ.

ಕುಂಟ ಸಿಕ್ಕಿದ್ದಾನೆ. ಲಕ್ಷ್ಮೇಶ್ವರದಲ್ಲಿ ವೆಲ್ಡಿಂಗ್ ಮಾಡುವ ರಾಜೇಸಾಬ ಎಂಬುವನು. ನಾಲ್ಕು ದಿನದಿಂದ ಒಂದು ಮನೆಯಲ್ಲಿ ಇಟ್ಟುಕೊಂಡು ಕೇಳುತ್ತಿದ್ದಾರೆ. ಬಾಯಿ ಬಿಡುತ್ತಿಲ್ಲ. ನೆಟ್ಟಗಿದ್ದ ಕಾಲಿನ ಮಂಡಿಯೂ ಈಗ ನೆಟ್ಟಗಿಲ್ಲ ಎಂದು ತಿಳಿದುಬಂದಿದೆ. ಮೂತ್ರದಲ್ಲಿ ರಕ್ತ ಹೋಗುತ್ತಿದೆಯಂತೆ. ಇನ್ನೆರಡು ದಿನ ನೋಡುತ್ತಾರೆ.

ಇವನೇ ಅಲ್ಲವೇ ಕಾಕಾ? ಖಾತ್ರಿ ಮಾಡಿ ಬರೆಯಿರಿ.

ಕಾಂಚನಾ


ಬೆಟಗೇರಿ, 14 ಜೂನ್ 2025

ಕಾಂಚನಾ,

ಇವತ್ತು ನಿನ್ನ ಕಾಗದ ಓದಿ ಅಂಗಡಿಯ ಹಿಂದೆ ಹೋದೆ. ಅಲ್ಲೇ ಹತ್ತಿ ಮೂಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ.

ರಾಜೇಸಾಬನನ್ನು ಬಿಡಿಸು. ಈಗಲೇ ಬಿಡಿಸು. ಅವನು ಯಾರೋ ನನಗೆ ಗೊತ್ತಿಲ್ಲ. ನಾನು ಸುಳ್ಳು ಬರೆದೆ. ನೀವು ಹುಡುಕಿ ಸುಸ್ತಾಗಲಿ ಎಂದು ಒಬ್ಬ ಕುಂಟನನ್ನು ಹುಟ್ಟಿಸಿದೆ. ಲಕ್ಷ್ಮೇಶ್ವರದಂಥ ಊರಿನಲ್ಲಿ ಒಬ್ಬ ಬಡಪಾಯಿ ಕುಂಟ ಇದ್ದೇ ಇರುತ್ತಾನೆ ಎಂದು ನನ್ನ ಮುದಿ ತಲೆಗೆ ಹೊಳೆಯಲಿಲ್ಲ. ಅವನ ಮಂಡಿ ಮುರಿದವನು ನಾನು.

ಮೂರನೆಯವನು ಯಾರೆಂದು ಗೊತ್ತು. ಮೊದಲ ದಿನವೇ ಗೊತ್ತು. ಅವನು ಗೋಡೆ ಕಡೆ ಮುಖ ಮಾಡಿದ್ದು ನನ್ನನ್ನು ಕಂಡ ನಾಚಿಕೆಗೆ. ನಾಚಿಕೆ ಇನ್ನೂ ಉಳಿದಿದೆಯಲ್ಲ ಎಂದು ನನಗೆ ಆಸೆ ಆಯಿತು. ಹೆಸರು ಬರೆಯುತ್ತೇನೆ, ಒಂದು ಮಾತು ಕೊಡು. ಅವನಿಗೆ ಜೇಲು ಆಗಲಿ, ಇಪ್ಪತ್ತು ವರ್ಷ ಆಗಲಿ. ಜೀವ ಮಾತ್ರ ಉಳಿಯಬೇಕು. ಸುಭಾಷನ ಮಗಳಾಗಿ ಹೇಳು, ಸಾಹೇಬಳಾಗಿ ಬೇಡ.

ಯಮನೂರಸಾಬ


ಬೆಂಗಳೂರು, 18 ಜೂನ್ 2025

ಕಾಕಾ,

ಅಪ್ಪನ ಆಣೆ. ಅವನನ್ನು ಜೀವಂತ ಹಿಡಿಯುತ್ತೇವೆ.

ರಾಜೇಸಾಬನನ್ನು ಬಿಟ್ಟಿದ್ದಾರೆ. ಆಸ್ಪತ್ರೆಯಲ್ಲಿದ್ದಾನೆ.

ಹೆಸರು, ಜಾಗ, ದಿನ. ಈ ಮೂರನ್ನು ಬರೆಯಿರಿ.

ಕಾಂಚನಾ


ಶಿರಹಟ್ಟಿ, 27 ಜೂನ್ 2025

ಮಗಳು ಕಾಂಚನಾಗೆ,

ಹೆಸರು: ಸಮೀವುಲ್ಲಾ. ನನ್ನ ಅಳಿಯ. ಸಾಯಿಮಾಳ ಗಂಡ, ಅವಳ ಹೊಟ್ಟೆಯಲ್ಲಿರುವ ಕೂಸಿನ ಅಪ್ಪ. ಕ್ವಾರಿಯಲ್ಲಿ ಮದ್ದು ತುಂಬುವ ಕೆಲಸ ಅವನದು. ಬರೆದಾಯಿತು. ಕೈ ಬಿದ್ದು ಹೋಗಲಿಲ್ಲ.

ಜಾಗ: ರೈಲು ಗೀಲು ಏನೂ ಅಲ್ಲ. ನಮ್ಮೂರ ಮಸೂತಿ. ಮೊಹರಮ್ಮಿನಲ್ಲಿ ಹಸನ-ಹುಸೇನ ದೇವರನ್ನು ಕೂರಿಸುವ ಕಟ್ಟೆಯ ಮೇಲೆ ಹೊಸ ಗಾದಿ ಹಾಸುವುದು ತಲೆತಲಾಂತರದಿಂದ ನಮ್ಮ ಮನೆಯ ಹಕ್ಕು. ಆ ಗಾದಿಯ ಅಳತೆಯೂ ನಾನು ಶೆಡ್ಡಿನಲ್ಲಿ ಹೊಲಿದ ಗಾದಿಯ ಅಳತೆಯೂ ಒಂದೇ. ಇದು ಮೊನ್ನೆ ದೇವರ ಗಾದಿ ಕತ್ತರಿಸಲು ಕುಳಿತಾಗ ಹೊಳೆಯಿತು. ನಲವತ್ತು ವರ್ಷದ ಕೈಗೆ ಹೊಳೆಯಲು ಇಷ್ಟು ದಿನ ಬೇಕಾಯಿತು ನೋಡು. ದೇವರ ಹಸ್ತದ ಪಂಜಾ ಹೊರುವವನು ಶಿವಯೋಗಿ, ಒಕ್ಕಲಿಗ, ಅವರ ಅಜ್ಜನ ಕಾಲದಿಂದ ಹೊರುತ್ತಾರೆ. ಓದಿಸಲು ಬರುವವರಲ್ಲಿ ಅರ್ಧ ಅವರ ಹೆಣ್ಣುಮಕ್ಕಳು. ಅಲ್ಲಿ ಸಿಡಿಸಿದರೆ ಇವರು ಅವರನ್ನು, ಅವರು ಇವರನ್ನು ಕಡಿಯಲು ಹೊರಡುತ್ತಾರೆ. "ನಾಕೂ ತಾಲೂಕು ತಾವ ಹೊತ್ತಿಕೊಂತಾವ" ಎಂದು ಉಸ್ತಾದ ಹೇಳುವುದನ್ನು ಕೇಳಿದ್ದೇನೆ. ಆಗ ಯಾವುದರ ಮಾತೆಂದು ತಿಳಿದಿರಲಿಲ್ಲ.

ದಿನ: ಏಳನೇ ದಿನ, ಮಧ್ಯಾಹ್ನ ಸಕ್ಕರೆ ಓದಿಸುವ ಹೊತ್ತು. ಸಾಯಿಮಾ ಸಹಜವಾಗಿ ಹೇಳಿದಳು, "ಅಪ್ಪಾ, ಇವರು ಏಳನೇ ದಿನ ಮಸೂತಿಗಿ ಹೋಗಬ್ಯಾಡ ಅಂದಾರ. ಬಸುರಿ, ಗದ್ದಲ ಬ್ಯಾಡಂತ." ಅಷ್ಟು ಪ್ರೀತಿ ಅವನಿಗೆ ಉಳಿದಿದೆ. ಚಂದ್ರ ಕಂಡು ನಿನ್ನೆ ಸಂಜೆ ಮಸೂತಿ ಮುಂದೆ ಬೆಂಕಿ ಹಾಕುವ ಅಲಾಯಿ ಕುಣಿಗೆ ಗುದ್ದಲಿ ಬಿತ್ತು.

ನೀವು ಬರುವುದು ಯಾರಿಗೂ ಗೊತ್ತಾಗಬಾರದು. ನಾನು ಎಂದಿನಂತೆ ನನ್ನ ಗಾದಿ ಹಾಸುತ್ತೇನೆ. ಆಮೇಲೆ ನಿನ್ನ ಕೈಯಲ್ಲಿದೆ.

ಯಮನೂರಸಾಬ


ಬೆಂಗಳೂರು, 30 ಜೂನ್ 2025

ಕಾಕಾ,

ಪತ್ರ ಈಗ ತಲುಪಿತು. ಇದನ್ನು ಚನ್ನಬಸವಣ್ಣನವರು ಬಸ್ ಕಂಡಕ್ಟರ್ ಕೈಯಲ್ಲಿ ನಿಮ್ಮೂರಿಗೆ ಕಳಿಸುತ್ತಾರೆ.

ಏಳನೇ ದಿನ ಅಂದರೆ ಗುರುವಾರ, ಜುಲೈ 3. ಕ್ಯಾಲೆಂಡರಿನಲ್ಲಿ ಮೊಹರಮ್ ಶುಕ್ರವಾರ ಶುರುವಾಗಿದೆ. ಬುಧವಾರ ರಾತ್ರಿ ಗದಗಿಗೆ ಬರುತ್ತೇವೆ, ಗುರುವಾರ ನಸುಕಿನಲ್ಲಿ ನಿಮ್ಮೂರಲ್ಲಿರುತ್ತೇವೆ. ಮೊದಲೇ ಬಂದರೆ ಉಸ್ತಾದ ತಪ್ಪಿಸಿಕೊಳ್ಳುತ್ತಾನೆ. ಅವನು ಗಾದಿ ಇಡಿಸಲು ಬಂದ ಗಳಿಗೆಯಲ್ಲೇ ಹಿಡಿಯಬೇಕು.

ಬುಧವಾರ ನೀವು ಆರಾಮ ಇರಿ. ಗುರುವಾರ ಸಾಯಿಮಾಳನ್ನು ಮನೆಯಿಂದ ಹೊರಗೆ ಬಿಡಬೇಡಿ.

ಕಾಂಚನಾ


ಬೆಂಗಳೂರು, 9 ಜುಲೈ 2025

ಕಾಕಾ,

ಈ ಪತ್ರವನ್ನು ಆಸ್ಪತ್ರೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಬರೆಯಬಾರದು ಎಂದು ಕಚೇರಿಯ ಆದೇಶವಿದೆ.

ಗುದ್ದಲಿ ಬಿದ್ದ ಸಂಜೆಯನ್ನೇ ಒಂದು ಎಂದು ಎಣಿಸುತ್ತಾರೆ ಎನ್ನುವುದನ್ನು ಮರೆತೆ. ಬೆಟಗೇರಿಯಲ್ಲಿ ಚಿಕ್ಕವಳಿದ್ದಾಗ ನನಗೂ ಕೈಗೆ ಲಾಡಿಯ ದಾರ ಕಟ್ಟಿಸಿ ಮೊಹರಮ್ಮಿನ ಫಕೀರಳನ್ನು ಮಾಡುತ್ತಿದ್ದರು, ನಾನೂ ಹಾಗೇ ಎಣಿಸುತ್ತಿದ್ದೆ. ನೀವು ಗುದ್ದಲಿ ಬಿತ್ತು ಎಂದು ಬರೆದೂ ಇದ್ದಿರಿ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಬುಧವಾರ ಮಧ್ಯಾಹ್ನ ಗಾದಿ ಸಿಡಿದ ಸುದ್ದಿ ಬಂದಾಗ ನಾನು ರೈಲು ಹತ್ತಲು ಚೀಲ ತುಂಬುತ್ತಿದ್ದೆ.

ಶಿವಯೋಗಿ ಮತ್ತು ಇಬ್ಬರು ಹೆಂಗಸರು ಸತ್ತಿದ್ದಾರೆ. ನೀವು ಗಾದಿ ಎತ್ತಿಕೊಂಡು ಓಡದಿದ್ದರೆ ನಲವತ್ತು ಜನ ಸಾಯುತ್ತಿದ್ದರು. ಊರುಗಳು ಹೊತ್ತಿಕೊಂಡಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ.

ಇನ್ನೆರಡು ಮಾತು ಹೇಳದೆ ನನಗೆ ನಿದ್ದೆಯಿಲ್ಲ. ಸಮೀವುಲ್ಲಾನ ಹೆಸರು ಏಪ್ರಿಲಿನಲ್ಲೇ ನನ್ನ ಕಡತದಲ್ಲಿತ್ತು. ಅದಕ್ಕೇ ನಿಮ್ಮ ಹತ್ತಿರ ಬಂದೆ, ಅಪ್ಪನ ಗೆಳೆಯ ಎಂದಲ್ಲ. ನೀವೇ ಹೆಸರು ಹೇಳಿದರೆ ಪೂರ್ತಿ ನಮ್ಮವರಾಗುತ್ತೀರಿ ಎಂದು ಕಾದೆ. ರಾಜೇಸಾಬ ಅಲ್ಲ ಎಂದು ಗೊತ್ತಿದ್ದೂ ಅಷ್ಟೂ ದಿನ ಹೊಡೆಯಲು ಬಿಟ್ಟೆ, ಕೇಳಿ ನೀವು ತಡೆಯಲಾರಿರಿ ಎಂದು.

ಎರಡನೆಯದು. ಗುರುವಾರ ಕಪ್ಪತಗುಡ್ಡದ ಬುಡದಲ್ಲಿ ಸಮೀವುಲ್ಲಾ ಸಿಕ್ಕ. ಗುಂಡು ಹಾರಿಸಿದ, ಆತ್ಮರಕ್ಷಣೆಗೆ ನಮ್ಮವರೂ ಹಾರಿಸಿದರು ಎಂದು ವರದಿಯಲ್ಲಿದೆ. ಕೈ ಎತ್ತಿ ನಿಂತಿದ್ದ ಎಂದು ನನ್ನವರಲ್ಲೇ ಒಬ್ಬ ನನಗೆ ಹೇಳಿದ. ಎದೆಯಲ್ಲಿ ಮೂರು ಗುಂಡು, ಬಾಯಲ್ಲಿ ಒಂದು. ನಾನು ಹೊಲದ ಈಚೆ ಜೀಪಿನಲ್ಲಿದ್ದೆ. ಅಪ್ಪನ ಆಣೆ ಹಾಕಿದ್ದೆ. ವರದಿಗೆ ಸಹಿಯನ್ನೂ ಹಾಕಿದೆ.

ಉಸ್ತಾದ ಸಿಕ್ಕಿಲ್ಲ. ನಾವು ಹಿಡಿದ ಆ ಇಬ್ಬರು ಹುಡುಗರಿಗೂ ಅವನ ಹೆಸರು, ಊರು ಗೊತ್ತಿಲ್ಲ. ಅವನು ಇನ್ನೊಂದು ಊರಿನಲ್ಲಿ ಇನ್ನು ಮೂವರನ್ನು ಕೂಡಿಸುತ್ತಾನೆ. ನಮಗೆ ಒಂದು ಎಳೆಯೂ ಇಲ್ಲ.

ಕಾಂಚನಾ


ಹುಬ್ಬಳ್ಳಿ, 14 ಜುಲೈ 2025

ಕಾಂಚನಾಗೆ,

ನನ್ನ ಬಲಗೈ ಮೊಣಕೈವರೆಗೆ ಹೋಗಿದೆ. ಕಣ್ಣಿಗೆ ಪಟ್ಟಿ ಇದೆ, ತೆಗೆದ ಮೇಲೂ ಕಾಣುವುದಿಲ್ಲ ಎಂದಿದ್ದಾರೆ. ಆದ್ದರಿಂದ ನಾನು ಹೇಳುತ್ತಿದ್ದೇನೆ, ಸಾಯಿಮಾ ಬರೆಯುತ್ತಿದ್ದಾಳೆ. ನಿನ್ನ ಕಾಗದವನ್ನೂ ಅವಳೇ ಓದಿದಳು. ನಾನು ಬ್ಯಾಡ ಅಂದೆ. "ಎಲ್ಲಾ ಓದತೀನಿ ಸುಮ್ಮಕ ಕೇಳ್ರಿ" ಅಂದಳು. ಕೊನೆಯವರೆಗೂ ಓದಿದಳು. ಅದಕ್ಕೂ ಹಿಂದಿನದನ್ನೆಲ್ಲ ನಾನು ಬಾಯಿಬಿಟ್ಟು ಹೇಳಿದೆ. ಈ ಮನೆಯಲ್ಲಿ ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ.

ಬುಧವಾರ ನಡೆದದ್ದನ್ನು ನಿನ್ನ ಕಡತದಲ್ಲಿ ಸರಿಯಾಗಿ ಬರೆದುಕೋ. ಗುರುವಾರ ಬರುತ್ತೇವೆ ಎಂದ ನಿನ್ನ ಕಾಗದ ನನಗೆ ಮುಟ್ಟಿರಲಿಲ್ಲ. ಬೆಳಿಗ್ಗೆ ನನ್ನ ಗಾದಿ ಹಾಸಿದೆ. ಚಹದ ಅಂಗಡಿಯಲ್ಲಿ ಇಬ್ಬರು ಅಪರಿಚಿತರು, ಬೂಟಿಗೆ ಪಾಲಿಶ್ ಮಾಡಿಕೊಂಡವರು, ಕುಳಿತಿದ್ದರು. ನಿನ್ನವರೇ ಎಂದು ಎದೆ ತಣ್ಣಗಾಯಿತು. ಬೋರ್‌ವೆಲ್ ಕಂಪನಿಯವರಂತೆ, ಆಮೇಲೆ ತಿಳಿಯಿತು. ನಿನ್ನವರೆಂಬ ನಂಬಿಕೆಯಲ್ಲೇ ಮನೆಗೆ ಹೋಗಿ ಉಂಡು ಬಂದೆ. ಬಂದು ದೇವರಿಗೆ ಬಗ್ಗಿದರೆ ಗಾದಿಯ ಮೂಲೆಯಲ್ಲಿ ಕೆಂಪು ದಾರ. ಮೂರು ಹೊಲಿಗೆ, ನನ್ನದೇ ಕೈ.

ಕೂಗಿದರೆ ನೂಕುನುಗ್ಗಲಾಗಿ ಅಲ್ಲೇ ಎಲ್ಲ ಮುಗಿಯುತ್ತಿತ್ತು. ಪಂಜಾ ಸರಿಸಿ ಗಾದಿ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಹೊರಗೆ ಓಡಿದೆ. ಶಿವಯೋಗಿ ಹಿಂದೆಯೇ ಓಡಿ ಬಂದ. "ಏ ಸಾಬಣ್ಣಾ, ದೇವರ ಗಾದಿ ಎಲ್ಲಿಗಿ ಒಯ್ತಿ, ತಲಿ ಕೆಟ್ಟೈತೇನು ನಿನಗ" ಎನ್ನುತ್ತಿದ್ದ. ಓದಿಸಲು ಬಂದ ಇಬ್ಬರು ಹೆಂಗಸರೂ ಅವನ ಹಿಂದೆ ಬಂದರು. ಅಲಾಯಿ ಕುಣಿಗೆ ಎಸೆದೆ. ಅಷ್ಟರಲ್ಲಿ ಬೇವಿನ ಮರದ ಹತ್ತಿರ ಸಮೀವುಲ್ಲಾ ಕಂಡ. ಅವನು ನನ್ನ ಕಡೆಗೇ ಓಡಿ ಬರುತ್ತಿದ್ದ, "ಮಾವಾ, ಬಿಡ್ರಿ, ಬಿಡ್ರಿ" ಎಂದು ಅಳುತ್ತಿದ್ದ. ಅದು ನನ್ನ ಕಣ್ಣು ಕೊನೆಗೆ ಕಂಡದ್ದು. ಆಮೇಲೆ ಬಾಯಿ ತುಂಬ ಮಣ್ಣು. ನನ್ನ ಕೈ ಎಂದು ಹಿಡಿದದ್ದು ಶಿವಯೋಗಿಯ ಕೈ. ಅದರ ಬೆರಳಲ್ಲಿ ಪಂಜಾದ ಲಾಡಿ ಇನ್ನೂ ಸುತ್ತಿಕೊಂಡಿತ್ತು.

ಅಂಥವನು ಮರುದಿನ ಗುಂಡು ಹಾರಿಸಿದ ಎಂದರೆ ನಾನು ನಂಬುವುದಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿದೆ. ಆದರೆ ನಾನು ಸುಳ್ಳು ಕುಂಟನನ್ನು ಬರೆದೆ, ನೀನು ಸುಳ್ಳು ಆಣೆ ಬರೆದೆ. ಯಾರು ಯಾರಿಗೆ ಹೇಳುವುದು? ರಾಜೇಸಾಬನ ಮನೆಗೆ ಹೋಗು. ನಾನು ಹೋಗಲಾರೆ.

ಇನ್ನು ನನ್ನ ಮಾತು ಮುಗಿಯಿತು. ಸಹಿಯ ಬದಲು ಎಡಗೈ ಹೆಬ್ಬೆಟ್ಟು ಒತ್ತಿದ್ದೇನೆ.

ಯಮನೂರಸಾಬ

ಕಾಂಚನಾ ಅಕ್ಕಾ, ಅಪ್ಪ ಮಲಗಿದ್ದಾರೆ. ಕೆಳಗಿನದು ನನ್ನದು, ಸಾಯಿಮಾಳದು.

ನಿಮ್ಮಿಬ್ಬರ ಕಾಗದಗಳಲ್ಲಿ ನಾನು ಎಷ್ಟು ತಿಂಗಳ ಬಸುರಿ ಎನ್ನುವುದು ಇತ್ತು. ನನ್ನನ್ನು ಹೊರಗೆ ಬಿಡಬಾರದು ಎನ್ನುವುದೂ ಇತ್ತು. ನನಗೆ ಒಂದು ಮಾತು ಹೇಳಬೇಕು ಎಂದು ಇಬ್ಬರಿಗೂ ಅನ್ನಿಸಲಿಲ್ಲ. ಮೇ ತಿಂಗಳಲ್ಲಿ ಹೇಳಿದ್ದರೆ ನಾನು ನನ್ನ ಗಂಡನ ಕಾಲು ಹಿಡಿಯುತ್ತಿದ್ದೆ, ಕಪಾಳಕ್ಕೆ ಹೊಡೆಯುತ್ತಿದ್ದೆ, ಕೋಣೆಯಲ್ಲಿ ಕೂಡಿ ಚಿಲಕ ಹಾಕುತ್ತಿದ್ದೆ. ಅವರು ಶಿವಯೋಗಿ ಕಾಕಾನನ್ನು ಕೊಂದರು, ದಾವಲಸಾಬಣ್ಣನನ್ನು ಕೊಂದವರ ಜೊತೆಗಿದ್ದರು. ಅದಕ್ಕೆ ನಾನು ಅವರ ಹೆಸರಿನಲ್ಲಿ ಅಳುವ ಹಾಗೂ ಇಲ್ಲ. ಅಳುತ್ತಿದ್ದೇನೆ.

ಉಸ್ತಾದ ನಮ್ಮ ಮನೆಯಲ್ಲಿ ನಾಲ್ಕು ಸಲ ಉಂಡಿದ್ದಾನೆ. ರೊಟ್ಟಿ ಬಡಿದು ಹಾಕಿದವಳು ನಾನು. ಬರುವಾಗ ಅವನೊಂದು ಸ್ಟೀಲಿನ ಡಬ್ಬಿ ತರುತ್ತಿದ್ದ, ಹೋಗುವಾಗ ಅದರಲ್ಲಿ ಪಲ್ಲೆ ಕಟ್ಟಿಸಿಕೊಳ್ಳುತ್ತಿದ್ದ. ಅವನ ಅಪ್ಪ-ಅವ್ವನ ಮದುವೆಗೆ ಮುಯ್ಯಿ, ಉಡುಗೊರೆ, ಬಂದ ಡಬ್ಬಿ ಅದು. ಅವರ ಹೆಸರು, ಊರು, ತಾರೀಖು ಎಲ್ಲ ಕೊರೆಸಿದ್ದಾರೆ, ಎಲ್ಲರ ಮನೆಯ ಪಾತ್ರೆಯ ಮೇಲೆ ಇರುವ ಹಾಗೆ. ನಾಲ್ಕು ಸಲವೂ ಅದನ್ನು ತಿಕ್ಕಿ ತೊಳೆದವಳು ನಾನೇ. ಅಕ್ಷರಗಳ ಸಂದಿಯ ಎಣ್ಣೆ ಹೋಗಲಿ ಎಂದು ಉಗುರು ಹಾಕಿ ತಿಕ್ಕಿದ್ದೇನೆ.

ಆ ಊರು ನನಗೆ ಬಾಯಿಪಾಠ ಇದೆ. ಕಾಗದದಲ್ಲಿ ಬರೆಯುವುದಿಲ್ಲ. ನೀವೇ ಬನ್ನಿ, ನನ್ನ ಮುಖ ನೋಡಿ ಕೇಳಿ.

ಸಾಯಿಮಾ